ಒಂದು ಅನಂತಕ್ಕಿಂತ ಇನ್ನೊಂದು ಅನಂತ ದೊಡ್ಡದಾಗುವುದು ಹೇಗೆ?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ಒಂಬತ್ತನೇ ತರಗತಿಯ ಹುಡುಗನೊಬ್ಬ 'ಸ್ವಾಭಾವಿಕ ಸಂಖ್ಯೆಗಳು ಹೆಚ್ಚೋ, ಸಮಸಂಖ್ಯೆಗಳು ಹೆಚ್ಚೋ?' ಎಂದು ಕೇಳಿದ. ಎರಡೂ ಅನಂತ, ಹಾಗಾಗಿ ಎರಡೂ ಸಮ ಎಂದೆ. 'ಹಾಗಾದರೆ ಎಲ್ಲ ಅನಂತಗಳೂ ಸಮವೇ?' ಎಂದು ಮತ್ತೆ ಕೇಳಿದ. ದಶಮಾಂಶ ಸಂಖ್ಯೆಗಳ ಅನಂತ ಇನ್ನೂ ದೊಡ್ಡದು ಎಂದು ಓದಿದ ನೆನಪಿತ್ತು, ಆದರೆ ಏಕೆ ಎಂದು ವಿವರಿಸಲು ಆಗಲಿಲ್ಲ. 'ಪೂರ್ಣಮದಃ ಪೂರ್ಣಮಿದಂ' ಎಂಬಲ್ಲೇ ಇದೆಲ್ಲ ಅಡಗಿದೆ, ಭಾಸ್ಕರಾಚಾರ್ಯರೂ ಸೊನ್ನೆಯಿಂದ ಭಾಗಿಸಿದರೆ ಅನಂತ ಎಂದಿದ್ದಾರೆ ಎನ್ನುತ್ತಾರೆ ನಮ್ಮ ಹಿರಿಯ ಸಹೋದ್ಯೋಗಿ. ಯಾರೂ ಕಾಣದ, ಎಣಿಸಿ ಮುಗಿಸಲಾಗದ ಒಂದನ್ನು ದೊಡ್ಡದು, ಚಿಕ್ಕದು ಎನ್ನುವುದು ನಿಜವೋ, ಗಣಿತಜ್ಞರ ಕಲ್ಪನೆಯೋ?

ಉತ್ತರ: ಆ ಹುಡುಗನ ಎರಡನೆಯ ಪ್ರಶ್ನೆ ನನಗೆ ಬಹಳ ಹಿಡಿಸಿತು. ಅವನು ನಿಮ್ಮ ಉತ್ತರವನ್ನು ಬಿಟ್ಟು, ಅದಕ್ಕೆ ನೀವು ಕೊಟ್ಟ ಕಾರಣವನ್ನು ಹಿಡಿದು ಕೇಳಿದ್ದಾನೆ. ಸ್ವಾಭಾವಿಕ ಸಂಖ್ಯೆಗಳೂ ಸಮಸಂಖ್ಯೆಗಳೂ ಸಮ ಎಂಬ ಮಾತು ಸರಿ. 'ಎರಡೂ ಅನಂತ, ಆದ್ದರಿಂದ ಸಮ' ಎಂಬ ಕಾರಣ ಮಾತ್ರ ಸರಿಯಲ್ಲ. ಆ ಕಾರಣವನ್ನು ಒಪ್ಪಿಕೊಂಡರೆ ಎಲ್ಲ ಅನಂತಗಳೂ ಸಮವೆಂದು ಒಪ್ಪಲೇಬೇಕಾಗುತ್ತದೆ. ಬಳ್ಳಾರಿಯ ಕಾಲೇಜುಗಳಲ್ಲಿ ನಾನು ಪಾಠ ಮಾಡುತ್ತಿದ್ದಾಗ ಬಿ.ಎಸ್ಸಿ. ಕೊನೆಯ ವರ್ಷದವರೂ ಇಷ್ಟು ನೇರವಾಗಿ ಕೇಳುತ್ತಿರಲಿಲ್ಲ. ಅವನಿಗೆ ಪೂರ್ತಿ ಉತ್ತರ ಸಿಗಬೇಕು. ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ತೀರ್ಮಾನವಾಗಬೇಕಾದದ್ದು 'ಸಮ' ಎಂದರೆ ಏನು ಎಂಬುದು. ಎಣಿಸಿ ನೋಡಿ ಎರಡರ ಸಂಖ್ಯೆಯೂ ಒಂದೇ ಬಂದರೆ ಸಮ ಎನ್ನುತ್ತೇವೆ. ಆದರೆ ಎಣಿಕೆಗೂ ಮೊದಲಿನ ದಾರಿ ಒಂದಿದೆ. ಕಾರಟಗಿಯ ಅಕ್ಕಿ ಗಿರಣಿಯೊಂದರ ಮುಂದೆ ಭತ್ತದ ಲಾರಿ ನಿಂತಿದೆ ಎಂದುಕೊಳ್ಳಿ. ಹಮಾಲರು ಚೀಲ ಹೊತ್ತು ಒಳಗೆ ಹೋಗುವಾಗ ಬಾಗಿಲಲ್ಲಿ ನಿಂತವನು ಚೀಲಕ್ಕೊಂದರಂತೆ ಚೀಟಿ ಕೊಡುತ್ತಾನೆ. ಕೊನೆಯ ಚೀಲ ಒಳಗೆ ಹೋದಾಗಲೇ ಅವನ ಕೈಯಲ್ಲಿದ್ದ ಕೊನೆಯ ಚೀಟಿಯೂ ಖಾಲಿಯಾದರೆ ಚೀಲಗಳೂ ಚೀಟಿಗಳೂ ಸಮ. ಎಷ್ಟು ಚೀಲ, ಎಷ್ಟು ಚೀಟಿ ಎಂದು ಬಾಗಿಲಲ್ಲಿ ನಿಂತವನಿಗೆ ಗೊತ್ತಿರಬೇಕಾಗಿಲ್ಲ. ಅವನಿಗೆ ನೂರರವರೆಗೆ ಎಣಿಸಲು ಬಾರದಿದ್ದರೂ ನಡೆಯುತ್ತದೆ. ಒಂದಕ್ಕೊಂದು ಜೋಡಿ ಕೂಡಿಸಿ ಎರಡೂ ಕಡೆ ಏನೂ ಉಳಿಯದಿದ್ದರೆ ಸಾಕು.

ಸಂಖ್ಯೆಗಳಿಗೂ ಇದೇ ಅಳತೆ. 1ಕ್ಕೆ 2, 2ಕ್ಕೆ 4, 3ಕ್ಕೆ 6, ಹೀಗೆ ಜೋಡಿ ಮಾಡುತ್ತಾ ಹೋಗಿ. ಯಾವ ಸ್ವಾಭಾವಿಕ ಸಂಖ್ಯೆಯನ್ನು ಕೊಟ್ಟರೂ ಅದರ ಎರಡರಷ್ಟು ಅದರ ಜೋಡಿ. ಯಾವ ಸಮಸಂಖ್ಯೆಯನ್ನು ಕೊಟ್ಟರೂ ಅದರ ಅರ್ಧ ಅದರ ಜೋಡಿ. ಒಂಟಿಯಾಗಿ ಉಳಿಯುವುದು ಎರಡೂ ಕಡೆ ಯಾವುದೂ ಇಲ್ಲ. ಆದ್ದರಿಂದ ಇವು ಸಮ.

ಮಕ್ಕಳಿಗೆ ಇಲ್ಲಿ ಕಸಿವಿಸಿಯಾಗುತ್ತದೆ, ಆಗಲೇಬೇಕು. ಸಮಸಂಖ್ಯೆಗಳು ಸ್ವಾಭಾವಿಕ ಸಂಖ್ಯೆಗಳ ಒಂದು ಭಾಗ ಮಾತ್ರ. ಭಾಗವೂ ಇಡಿಯೂ ಸಮ ಎಂದರೇನು? ಇಡಿಯು ತನ್ನ ಭಾಗಕ್ಕಿಂತ ದೊಡ್ಡದು ಎಂಬುದನ್ನು ಯೂಕ್ಲಿಡ್ ಯಾವ ಸಾಧನೆಯೂ (ಅಂದರೆ ತರ್ಕದ ಪುರಾವೆಯೂ) ಬೇಡವಾದ ಮೂಲ ಮಾತುಗಳ ಸಾಲಿನಲ್ಲಿ ಇಟ್ಟಿದ್ದ. 1638ರಲ್ಲಿ ಗೆಲಿಲಿಯೋ ಇದೇ ಕಗ್ಗಂಟನ್ನು ವರ್ಗಸಂಖ್ಯೆಗಳ ಮೂಲಕ ಮುಂದಿಟ್ಟ: 1, 4, 9, 16 ಹೀಗೆ ಮುಂದೆ ಹೋದಂತೆಲ್ಲ ವರ್ಗಗಳು ವಿರಳವಾಗುತ್ತವೆ, ಆದರೂ ಪ್ರತಿ ಸಂಖ್ಯೆಗೂ ಒಂದು ವರ್ಗವಿದೆ. ಹೆಚ್ಚು, ಕಡಿಮೆ, ಸಮ ಎಂಬ ಮಾತುಗಳು ಅನಂತಕ್ಕೆ ಸಲ್ಲುವುದಿಲ್ಲ ಎಂದು ಹೇಳಿ ಅವನು ಅಲ್ಲಿಗೆ ನಿಲ್ಲಿಸಿದ. ಆ ಕಾಲಕ್ಕೆ ಅದು ಪ್ರಾಮಾಣಿಕವಾದ ಉತ್ತರ. ಮುಂದೆ 1888ರಲ್ಲಿ ಜರ್ಮನಿಯ ಗಣಿತಜ್ಞ ರಿಚರ್ಡ್ ಡೆಡೆಕಿಂಡ್ ಈ ಕಗ್ಗಂಟನ್ನೇ ವ್ಯಾಖ್ಯೆಯಾಗಿ ಮಾಡಿಕೊಂಡ. ಯಾವ ಗಣವನ್ನು (ವಸ್ತುಗಳ ಗುಂಪನ್ನು) ಅದರದೇ ಒಂದು ಭಾಗದೊಂದಿಗೆ ಏನೂ ಉಳಿಯದಂತೆ ಜೋಡಿಸಬಹುದೋ ಅದೇ ಅಪರಿಮಿತ, ಅಂದರೆ ಅನಂತ ಗಣ ಎಂದ. ಇನ್ನೂರೈವತ್ತು ವರ್ಷ ಬಾಗಿಲಿಗೆ ಅಡ್ಡ ಬಿದ್ದಿದ್ದ ಕಲ್ಲನ್ನೇ ಅವನು ಹೊಸ್ತಿಲಾಗಿ ಹಾಕಿದ. ಗಣಿತದಲ್ಲಿ ನನಗೆ ತುಂಬ ಪ್ರಿಯವಾದ ಧೈರ್ಯ ಇದು.

ಈಗ ಒಂದು ಎಚ್ಚರಿಕೆ. ಹಲವು ಪುಸ್ತಕಗಳು ಇದನ್ನು ಬಿಟ್ಟುಬಿಡುತ್ತವೆ, ಹಾಗೆ ಬಿಟ್ಟರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಅದೇ ಸ್ವಾಭಾವಿಕ ಸಂಖ್ಯೆಗಳನ್ನೂ ಸಮಸಂಖ್ಯೆಗಳನ್ನೂ ಬೇರೆ ರೀತಿ ಜೋಡಿಸಿ: 2ಕ್ಕೆ 2, 4ಕ್ಕೆ 4, 6ಕ್ಕೆ 6. ಆಗ 1, 3, 5, ಎಲ್ಲ ಬೆಸಸಂಖ್ಯೆಗಳೂ ಒಂಟಿಯಾಗಿ ಉಳಿಯುತ್ತವೆ. ಹಾಗೆಂದು ಸ್ವಾಭಾವಿಕ ಸಂಖ್ಯೆಗಳು ಹೆಚ್ಚು ಎನ್ನಬಹುದೇ? ಎನ್ನುವಂತಿಲ್ಲ. ಪರಿಮಿತ ಗಣಗಳಲ್ಲಿ ಒಂದು ಸಲ ಜೋಡಿಸಿದಾಗ ಉಳಿದರೆ ಹೇಗೆ ಜೋಡಿಸಿದರೂ ಉಳಿಯುತ್ತದೆ. ಅನಂತದಲ್ಲಿ ಹಾಗಲ್ಲ. ಅಲ್ಲಿ ಒಂದು ಜೋಡಣೆ ಸೋತರೆ ಅದರಿಂದ ಏನೂ ಸಾಬೀತಾಗುವುದಿಲ್ಲ, ಒಂದು ಜೋಡಣೆ ಗೆದ್ದರೆ ಸಮ ಎಂದು ಸಾಬೀತಾಗುತ್ತದೆ. ಆದ್ದರಿಂದ ಒಂದು ಅನಂತ ಇನ್ನೊಂದಕ್ಕಿಂತ ದೊಡ್ಡದು ಎನ್ನಬೇಕಾದರೆ, ಸಾಧ್ಯವಿರುವ ಪ್ರತಿಯೊಂದು ಜೋಡಣೆಯೂ ಸೋಲುತ್ತದೆ ಎಂದು ತೋರಿಸಬೇಕು. ಇದು ಎಷ್ಟು ಭಾರವಾದ ಹೊಣೆ ಎಂದು ಯೋಚಿಸಿ. ಜೋಡಣೆಗಳೇ ಅನಂತವಾಗಿವೆ, ಒಂದೊಂದನ್ನೇ ಪರೀಕ್ಷಿಸಿ ಮುಗಿಯುವ ಮಾತಲ್ಲ.

ಜೈನ ಗ್ರಂಥಗಳಲ್ಲಿ ಈ ದಾರಿಯ ಒಂದು ಹೆಜ್ಜೆ ಕಾಣುತ್ತದೆ. ಸಂಖ್ಯೆಗಳನ್ನು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ವಿಂಗಡಿಸಿ, ಅನಂತದಲ್ಲೂ ಬಗೆಗಳಿವೆ ಎಂದವರು ಅವರು. ಒಂಬತ್ತನೆಯ ಶತಮಾನದ ವೀರಸೇನಾಚಾರ್ಯರ ಧವಲಾ ವ್ಯಾಖ್ಯಾನದಲ್ಲಿ ಕಳೆದುಹೋದ ಕಾಲದ ಕ್ಷಣಗಳನ್ನು ಒಂದು ಕಡೆ, ಜೀವರಾಶಿಯನ್ನು ಇನ್ನೊಂದು ಕಡೆ ಇಟ್ಟು, ಎರಡರಿಂದಲೂ ಒಂದೊಂದನ್ನು ತೆಗೆಯುತ್ತಾ ಹೋದರೆ ಯಾವುದು ಮೊದಲು ಮುಗಿಯುತ್ತದೆ ಎಂದು ಹೋಲಿಸುವ ಕ್ರಮವಿದೆ. ಮೂಡಬಿದಿರೆಯಲ್ಲಿ ಕನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂದ ಗ್ರಂಥವಿದು. ಕೊಪ್ಪಳವೂ ಒಂದು ಕಾಲಕ್ಕೆ ಜೈನರ ದೊಡ್ಡ ತೀರ್ಥ. ಹಾಗಾಗಿ ನಿಮ್ಮ ಹುಡುಗನಿಗೆ ಇದನ್ನು ಹೇಳಲು ಕಾರಣವಿದೆ. ಜೋಡಿ ಹಾಕಿ ಹೋಲಿಸುವ ಯೋಚನೆ ಅಲ್ಲಿದೆ ಎಂಬುದು ಹೆಮ್ಮೆಯ ವಿಷಯವೇ. ಎಲ್ಲ ಜೋಡಣೆಗಳೂ ಸೋಲಬೇಕು ಎಂಬ ಷರತ್ತು ಮತ್ತು ಅದರ ಸಾಧನೆ ಬಂದದ್ದು ಮಾತ್ರ ಹತ್ತೊಂಬತ್ತನೆಯ ಶತಮಾನದಲ್ಲಿ, ಜರ್ಮನಿಯ ಹಾಲೆ ಎಂಬ ಊರಿನಲ್ಲಿ ಪಾಠ ಮಾಡುತ್ತಿದ್ದ ಗೇಯೋರ್ಗ್ ಕ್ಯಾಂಟರ್‌ನಿಂದ.

ಆ ಸಾಧನೆಗೆ ಬರುವ ಮುನ್ನ ಭಿನ್ನರಾಶಿಗಳನ್ನು ನೋಡಬೇಕು, ಏಕೆಂದರೆ ಅಲ್ಲಿ ನಮ್ಮ ಊಹೆ ಕೈಕೊಡುತ್ತದೆ. ಸೊನ್ನೆ ಮತ್ತು ಒಂದರ ನಡುವಿನ ಭಿನ್ನರಾಶಿಗಳು ಒತ್ತೊತ್ತಾಗಿ ಕಿಕ್ಕಿರಿದಿವೆ. ಯಾವ ಎರಡರ ನಡುವೆಯೂ ಇನ್ನೊಂದಿದೆ. ಇವನ್ನು ಸಾಲಾಗಿ ನಿಲ್ಲಿಸುವುದು ಆಗದ ಮಾತು ಎಂದೇ ತೋರುತ್ತದೆ. ಆದರೆ ಗಾತ್ರದ ಕ್ರಮ ಬಿಟ್ಟು ಛೇದದ ಕ್ರಮ ಹಿಡಿಯಿರಿ: 1/2, ಆಮೇಲೆ 1/3, 2/3, ಆಮೇಲೆ 1/4, 3/4 (2/4 ಬೇಡ, ಅದು ಆಗಲೇ ಬಂದಿದೆ), ಆಮೇಲೆ 1/5, 2/5, 3/5, 4/5. ಹೀಗೆ ಹೋದರೆ ಪ್ರತಿ ಭಿನ್ನರಾಶಿಗೂ ಒಂದು ಸರದಿ ಬಂದೇ ಬರುತ್ತದೆ. 3/7ರ ಸರದಿ ಹದಿನಾಲ್ಕನೆಯದು, ಎಣಿಸಿ ನೋಡಿ. ಸರದಿಯ ಸಂಖ್ಯೆಯೇ ಅದರ ಜೋಡಿ. ಅಂದರೆ ಇಷ್ಟು ದಟ್ಟವಾಗಿರುವ ಭಿನ್ನರಾಶಿಗಳೂ 1, 2, 3 ಎಂಬ ಸರಳ ಸಾಲಿಗೆ ಸಮ. ಇಷ್ಟಾದ ಮೇಲೆ ಎಲ್ಲ ಅನಂತಗಳೂ ಒಂದೇ ಎಂದು ಯಾರಿಗಾದರೂ ಅನ್ನಿಸುತ್ತದೆ.

ಹಾಗಲ್ಲ ಎಂದು ಕ್ಯಾಂಟರ್ ಮೊದಲು 1874ರಲ್ಲಿ ಒಂದು ವಿಧಾನದಿಂದ ತೋರಿಸಿದ. 1891ರಲ್ಲಿ ಅವನು ಕೊಟ್ಟ ಇನ್ನೊಂದು ಸಾಧನೆಯನ್ನು ಕಪ್ಪುಹಲಗೆಯ ಅರ್ಧ ಭಾಗದಲ್ಲಿ ಬರೆಯಬಹುದು. ಸೊನ್ನೆ ಮತ್ತು ಒಂದರ ನಡುವಿನ ಎಲ್ಲ ದಶಮಾಂಶ ಸಂಖ್ಯೆಗಳನ್ನೂ ಸಾಲಾಗಿ ಬರೆದು ಮುಗಿಸಿದ್ದೇನೆ ಎಂದು ಯಾರೋ ನಿಮ್ಮ ಮುಂದೆ ಒಂದು ಪಟ್ಟಿ ಇಡುತ್ತಾರೆ. ಅದು ಹೀಗೆ ಶುರುವಾಗುತ್ತದೆ ಎನ್ನೋಣ:

1ನೆಯದು: 0.50000…
2ನೆಯದು: 0.33333…
3ನೆಯದು: 0.14159…
4ನೆಯದು: 0.14285…
5ನೆಯದು: 0.12345…

ಮೊದಲ ಸಂಖ್ಯೆಯ ಮೊದಲ ಅಂಕಿ, ಎರಡನೆಯದರ ಎರಡನೆಯ ಅಂಕಿ, ಮೂರನೆಯದರ ಮೂರನೆಯ ಅಂಕಿ, ಹೀಗೆ ಕರ್ಣದಂತೆ ಓರೆಯಾಗಿ ಇಳಿಯಿರಿ: 5, 3, 1, 8, 5. ಈಗ ಹೊಸದೊಂದು ಸಂಖ್ಯೆ ಕಟ್ಟಿ. ಕರ್ಣದಲ್ಲಿ 5 ಬಂದಲ್ಲಿ 6 ಬರೆಯಿರಿ, ಬೇರೆ ಏನೇ ಬಂದರೂ 5 ಬರೆಯಿರಿ. 0.65556… ಬರುತ್ತದೆ. ಇದು ಪಟ್ಟಿಯಲ್ಲಿ ಎಲ್ಲಿದೆ? ಮೊದಲನೆಯದಲ್ಲ, ಏಕೆಂದರೆ ಮೊದಲ ಅಂಕಿ ಬೇರೆ. ನಾಲ್ಕನೆಯದಲ್ಲ, ಏಕೆಂದರೆ ನಾಲ್ಕನೆಯ ಅಂಕಿ ಬೇರೆ. ಹತ್ತು ಲಕ್ಷದನೆಯದೂ ಅಲ್ಲ, ಹತ್ತು ಲಕ್ಷದನೆಯ ಅಂಕಿ ಬೇರೆಯಾಗುವಂತೆಯೇ ನಾವು ಕಟ್ಟಿದ್ದೇವೆ. 'ಎಲ್ಲವೂ ಇದೆ' ಎಂದ ಪಟ್ಟಿಯಲ್ಲಿ ಇದಿಲ್ಲ.

5 ಮತ್ತು 6 ಮಾತ್ರ ಏಕೆ ಎಂದು ಜಾಣ ಮಕ್ಕಳು ಕೇಳುತ್ತಾರೆ. 0.5000… ಮತ್ತು 0.4999… ಎರಡೂ ಒಂದೇ ಸಂಖ್ಯೆ, ಬರೆಯುವ ರೂಪ ಎರಡು. ಅಂಕಿ ಬೇರೆಯಾದ ಮಾತ್ರಕ್ಕೆ ಸಂಖ್ಯೆ ಬೇರೆಯಾಯಿತು ಎನ್ನಲು ಅಲ್ಲಿ ಆಗುವುದಿಲ್ಲ. ಕೊನೆಯಿಲ್ಲದ ಸೊನ್ನೆಗಳೂ ಒಂಬತ್ತುಗಳೂ ಬಾರದಂತೆ ನೋಡಿಕೊಂಡರೆ ಆ ತೊಡಕಿಲ್ಲ.

'ಹೊಸ ಸಂಖ್ಯೆಯನ್ನೂ ಪಟ್ಟಿಗೆ ಸೇರಿಸಿಬಿಟ್ಟರೆ?' ಎಂದು ಇನ್ನೊಬ್ಬರು ಕೇಳುತ್ತಾರೆ. ಸೇರಿಸಿ. ಆ ಹೊಸ ಪಟ್ಟಿಗೂ ಇದೇ ಕ್ರಮದಲ್ಲಿ ಇನ್ನೊಂದು ಹೊರಗುಳಿದ ಸಂಖ್ಯೆ ಸಿಗುತ್ತದೆ. ನಾವು ಒಂದು ನಿರ್ದಿಷ್ಟ ಪಟ್ಟಿಯನ್ನು ಸೋಲಿಸಿದ್ದಲ್ಲ. ಯಾವ ಪಟ್ಟಿ ತಂದರೂ ಅದರ ಅಂಕಿಗಳನ್ನೇ ಬಳಸಿ ಅದನ್ನು ಸೋಲಿಸುವ ಒಂದೇ ನಿಯಮವನ್ನು ಬರೆದಿದ್ದೇವೆ. ಅನಂತವಾದ ಜೋಡಣೆಗಳೆಲ್ಲವನ್ನೂ ಒಂದೇ ಏಟಿಗೆ ತಳ್ಳಿಹಾಕುವ ಆ ಹೊಣೆ ಹೀಗೆ ನೆರವೇರಿತು. ಈ ಐದು ಸಾಲನ್ನು ಹಲಗೆಯ ಮೇಲೆ ಬರೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಇಂದಿಗೂ ಅದು ಕಡಿಮೆಯಾಗಿಲ್ಲ.

ಇಲ್ಲಿಗೆ ಮುಗಿಯಲಿಲ್ಲ. ಯಾವ ಗಣವನ್ನು ತೆಗೆದುಕೊಂಡರೂ ಅದರ ಉಪಗಣಗಳೆಲ್ಲ (ಅದರಿಂದ ಆರಿಸಬಹುದಾದ ಗುಂಪುಗಳೆಲ್ಲ) ಸೇರಿದ ಗಣ ಅದಕ್ಕಿಂತ ದೊಡ್ಡದು ಎಂದೂ ಕ್ಯಾಂಟರ್ ತೋರಿಸಿದ. ಮೂರು ವಸ್ತುಗಳಿಗೆ ಎಂಟು ಉಪಗಣಗಳು ಎಂಬುದು ನಮಗೆ ಗೊತ್ತು. ಅನಂತಕ್ಕೂ ಈ ಮಾತು ನಿಲ್ಲುತ್ತದೆ. ಹಾಗಾಗಿ ಅನಂತಗಳ ಮೇಲೆ ಅನಂತಗಳಿವೆ, ಎಲ್ಲಕ್ಕಿಂತ ದೊಡ್ಡ ಅನಂತ ಎಂಬುದೇ ಇಲ್ಲ.

ಈಗ ನಿಮ್ಮ ಸಹೋದ್ಯೋಗಿಯವರ ಮಾತಿಗೆ ಬರುತ್ತೇನೆ. ಸೊನ್ನೆಯಿಂದ ಭಾಗಿಸುವ ವಿಷಯದಲ್ಲಿ ನಮ್ಮ ಹಿಂದಿನವರು ಒಂದೇ ಉತ್ತರ ಕೊಟ್ಟಿಲ್ಲ. 628ರಲ್ಲಿ ಬ್ರಹ್ಮಗುಪ್ತರು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದರು. ಒಂಬತ್ತನೆಯ ಶತಮಾನದಲ್ಲಿ ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯರು ಸೊನ್ನೆಯಿಂದ ಭಾಗಿಸಿದರೂ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂದರು. ಹನ್ನೆರಡನೆಯ ಶತಮಾನದಲ್ಲಿ ಭಾಸ್ಕರಾಚಾರ್ಯರು ಅದನ್ನು ಅನಂತವಾದ ರಾಶಿ ಎಂದು, ಏನು ಸೇರಿಸಿದರೂ ಕಳೆದರೂ ಬದಲಾಗದ ಅದನ್ನು ಅಚ್ಯುತನಿಗೆ ಹೋಲಿಸಿದರು. ಮಹಾವೀರಾಚಾರ್ಯರು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದವರು, ತಮ್ಮ ಗ್ರಂಥದ ಆರಂಭದಲ್ಲೇ ಅವನನ್ನು ಹೊಗಳಿದ್ದಾರೆ. ಅದೇ ಅರಸನ ಆಸ್ಥಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕೊಪಣ ನಗರವನ್ನು, ಅಂದರೆ ನಿಮ್ಮ ಕೊಪ್ಪಳವನ್ನು ಹೆಸರಿಸುತ್ತದೆ.

ಇವರಲ್ಲಿ ಯಾರು ಸರಿ ಎಂದು ಕೇಳುವುದಕ್ಕಿಂತ ಮೂವರೂ ಏನು ಮಾಡುತ್ತಿದ್ದರು ಎಂದು ನೋಡುವುದು ಒಳ್ಳೆಯದು. ಅವರು ಒಂದು ನಿಯಮವನ್ನು ನಿಶ್ಚಯಿಸಲು ಯತ್ನಿಸುತ್ತಿದ್ದರು. ನಿಯಮ ನಿಲ್ಲುತ್ತದೆಯೋ ಇಲ್ಲವೋ ಎಂದು ತಿಳಿಯುವುದು ಉಳಿದ ಲೆಕ್ಕಗಳೊಡನೆ ಅದು ಬಾಳುತ್ತದೆಯೇ ಎಂಬುದರಿಂದ. ಒಂದನ್ನು ಸೊನ್ನೆಯಿಂದ ಭಾಗಿಸಿದರೂ ಎರಡನ್ನು ಭಾಗಿಸಿದರೂ ಅದೇ ಅನಂತ ಬರುತ್ತದೆ, ಗುಣಾಕಾರ ಭಾಗಾಕಾರದ ಎಂದಿನ ನಿಯಮಗಳೂ ಅಲ್ಲಿ ನಡೆಯುತ್ತವೆ ಎಂದರೆ, ಒಂದೂ ಎರಡೂ ಸಮ ಎಂದು ಒಪ್ಪಬೇಕಾಗುತ್ತದೆ. ಆ ಬೆಲೆ ತೆರಲು ಯಾರೂ ಸಿದ್ಧರಿಲ್ಲ. ಆದ್ದರಿಂದ ಇಂದು ಶಾಲೆಯ ಅಂಕಗಣಿತದಲ್ಲಿ ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವನ್ನೇ ಕೊಡುವುದಿಲ್ಲ.

'ಪೂರ್ಣಮದಃ' ಈಶಾವಾಸ್ಯದ ಶಾಂತಿಮಂತ್ರ. ಪೂರ್ಣದಿಂದ ಪೂರ್ಣವನ್ನು ತೆಗೆದರೂ ಪೂರ್ಣವೇ ಉಳಿಯುತ್ತದೆ ಎನ್ನುತ್ತದೆ. ಅದು ಪರಬ್ರಹ್ಮದ ಮಾತು, ಆ ನೆಲೆಯಲ್ಲಿ ಅದಕ್ಕೆ ಅದರದೇ ಘನತೆಯಿದೆ. ಗಣಿತದ ಅನಂತ ಹಾಗೆ ನಡೆದುಕೊಳ್ಳುವುದಿಲ್ಲ. ಸ್ವಾಭಾವಿಕ ಸಂಖ್ಯೆಗಳಿಂದ ಸಮಸಂಖ್ಯೆಗಳನ್ನು ತೆಗೆದರೆ ಬೆಸಸಂಖ್ಯೆಗಳ ಅನಂತ ಉಳಿಯುತ್ತದೆ. ಅದೇ ಸಂಖ್ಯೆಗಳಿಂದ 11ರಿಂದ ಮುಂದಿನವನ್ನೆಲ್ಲ ತೆಗೆದರೆ ಹತ್ತು ಉಳಿಯುತ್ತವೆ. ಎಲ್ಲವನ್ನೂ ತೆಗೆದರೆ ಏನೂ ಇಲ್ಲ. ಮೂರು ಸಲವೂ ತೆಗೆದದ್ದು ಅಷ್ಟೇ ದೊಡ್ಡ ಅನಂತ. ಮಂತ್ರದಲ್ಲಿ ಕ್ಯಾಂಟರ್‌ನನ್ನು ಹುಡುಕಿದರೆ ಎರಡಕ್ಕೂ ಅನ್ಯಾಯವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮವರ ಗಣಿತವನ್ನು ಗೌರವಿಸಬೇಕೆಂದರೆ ಮಹಾವೀರಾಚಾರ್ಯರ ಲೆಕ್ಕಗಳನ್ನು ಮಕ್ಕಳ ಕೈಯಲ್ಲಿ ಬಿಡಿಸಿ.

ಇನ್ನು ಕೊನೆಯ ಪ್ರಶ್ನೆ, ನಿಜವೋ ಕಲ್ಪನೆಯೋ. ಕ್ಯಾಂಟರ್‌ನ ಕಾಲದಲ್ಲೇ ಇದು ಜಗಳವಾಗಿತ್ತು. ಬರ್ಲಿನ್‌ನ ಗಣಿತಜ್ಞ ಲಿಯೋಪೋಲ್ಡ್ ಕ್ರೊನೆಕರ್ ಈ ಅನಂತಗಳನ್ನು ಒಪ್ಪಲೇ ಇಲ್ಲ. ಸ್ವತಃ ಕ್ಯಾಂಟರ್‌ಗೂ ತನ್ನ ಫಲಿತಾಂಶಗಳು ಸುಲಭವಾಗಿ ಜೀರ್ಣವಾಗಲಿಲ್ಲ. ಒಂದು ಗೆರೆಯಲ್ಲಿರುವಷ್ಟೇ ಬಿಂದುಗಳು ಒಂದು ಚೌಕದಲ್ಲೂ ಇವೆ ಎಂದು ತಿಳಿದಾಗ 1877ರಲ್ಲಿ ಡೆಡೆಕಿಂಡ್‌ಗೆ ಬರೆದ ಪತ್ರದಲ್ಲಿ 'ಕಾಣುತ್ತಿದೆ, ಆದರೆ ನಂಬಲಾಗುತ್ತಿಲ್ಲ' ಎಂದಿದ್ದಾನೆ. (ಅವನು ಮಾನಸಿಕ ಅಸ್ವಾಸ್ಥ್ಯದಿಂದ ಪದೇ ಪದೇ ಆಸ್ಪತ್ರೆ ಸೇರಿದ್ದು, 1918ರಲ್ಲಿ ಹಾಲೆಯಲ್ಲಿ ತೀರಿಕೊಂಡದ್ದು ನಿಜ. ಅನಂತದ ಚಿಂತೆಯೇ ಅವನನ್ನು ಹಾಗೆ ಮಾಡಿತು ಎಂಬ ರೋಚಕ ಕಥೆಯನ್ನು ಮಾತ್ರ ದಯವಿಟ್ಟು ಮಕ್ಕಳಿಗೆ ಹೇಳಬೇಡಿ.) ತನ್ನ ಸಾಧನೆಯ ಫಲವನ್ನು ತಾನೇ ನಂಬಲಾಗದೆ ಕುಳಿತ ಮನುಷ್ಯ ಅದನ್ನು ಬೇಕೆಂದು ಕಲ್ಪಿಸಿಕೊಂಡ ಎನ್ನುವುದು ಹೇಗೆ? 'ಸಮ' ಎಂದರೆ ಜೋಡಿ ಎಂಬ ವ್ಯಾಖ್ಯೆಯನ್ನು ಆರಿಸಿಕೊಂಡದ್ದು ಅವನು. ಆರಿಸಿಕೊಂಡ ಮೇಲೆ ಗೆರೆಯೂ ಚೌಕವೂ ಸಮವಾಗುವುದನ್ನು ತಡೆಯುವ ಅಧಿಕಾರ ಅವನಿಗಿರಲಿಲ್ಲ.

ಗಣಿತದ ಸ್ವಭಾವವನ್ನು ನಾನು ಹೀಗೆಯೇ ಕಾಣುತ್ತೇನೆ. ಎಲ್ಲಿಂದ ಹೊರಡಬೇಕು ಎಂಬುದು ನಮ್ಮ ಆಯ್ಕೆ, ಎಲ್ಲಿಗೆ ತಲುಪುತ್ತೇವೆ ಎಂಬುದು ಅಲ್ಲ. 91 ಎಂಬ ಹೆಸರು ನಮ್ಮದು, ಹತ್ತು ಹತ್ತಾಗಿ ಎಣಿಸುವ ಪದ್ಧತಿ ನಮ್ಮದು. ಅದು ಅವಿಭಾಜ್ಯವಲ್ಲ, 7 ಮತ್ತು 13ರ ಗುಣಲಬ್ಧ ಎಂಬುದನ್ನು ಯಾರೂ ನಿಶ್ಚಯಿಸಲಿಲ್ಲ. ಅನಂತವೂ ಅಷ್ಟೇ ಗಟ್ಟಿ. ಜಗತ್ತಿನಲ್ಲಿ ಅನಂತ ವಸ್ತುಗಳು ಇವೆಯೇ ಎಂಬುದು ಭೌತವಿಜ್ಞಾನದ ಪ್ರಶ್ನೆ. ಕ್ಯಾಂಟರ್‌ನ ಸಾಧನೆ ಆ ಉತ್ತರಕ್ಕಾಗಿ ಕಾಯುವುದಿಲ್ಲ.

ಆದರೆ ನನ್ನ ಈ ಮಾತಿಗೂ ಒಂದು ಗಡಿಯಿದೆ. ಸ್ವಾಭಾವಿಕ ಸಂಖ್ಯೆಗಳ ಅನಂತಕ್ಕೂ ದಶಮಾಂಶಗಳ ಅನಂತಕ್ಕೂ ನಡುವೆ ಮತ್ತೊಂದು ಗಾತ್ರದ ಅನಂತವಿದೆಯೇ? ಇಲ್ಲ ಎಂದು ಕ್ಯಾಂಟರ್ ನಂಬಿದ್ದ, ಸಾಧಿಸಲು ಆಗಲಿಲ್ಲ. 1900ರಲ್ಲಿ ಡೇವಿಡ್ ಹಿಲ್ಬರ್ಟ್ ಹೊಸ ಶತಮಾನದ ಮುಂದಿಟ್ಟ ಸಮಸ್ಯೆಗಳಲ್ಲಿ ಇದೇ ಮೊದಲನೆಯದು. 1908ರಲ್ಲಿ ಜರ್ಮೆಲೋ ಮುಂದಿಟ್ಟು, ಆಮೇಲೆ ಫ್ರೆಂಕೆಲ್ ಮೊದಲಾದವರು ತಿದ್ದಿದ ಸ್ವಯಂಸಿದ್ಧಗಳ (ಸಾಧನೆಯಿಲ್ಲದೆ ಒಪ್ಪಿಕೊಂಡ ಮೂಲ ಮಾತುಗಳ) ಮೇಲೆ ಇಂದಿನ ಬಹುಪಾಲು ಗಣಿತ ನಿಂತಿದೆ. ಅವುಗಳಲ್ಲಿ ಪರಸ್ಪರ ವಿರೋಧವಿಲ್ಲದಿದ್ದರೆ, ಅವುಗಳಿಂದ ಕ್ಯಾಂಟರ್‌ನ ನಂಬಿಕೆ ಸುಳ್ಳೆಂದು ತೋರಿಸಲಾಗದು ಎಂದು 1930ರ ದಶಕದ ಕೊನೆಯಲ್ಲಿ ಕುರ್ಟ್ ಗಯ್ಡೆಲ್ ಸಾಧಿಸಿದ. ನಿಜವೆಂದೂ ತೋರಿಸಲಾಗದು ಎಂದು 1963ರಲ್ಲಿ ಪಾಲ್ ಕೊಹೆನ್ ಸಾಧಿಸಿದ. ಹೊರಟ ಜಾಗದಿಂದ ಈ ಊರಿಗೆ ದಾರಿಯೇ ಇಲ್ಲ. ಹೊಸ ಸ್ವಯಂಸಿದ್ಧ ಬೇಕು, ಯಾವುದು ಎಂಬುದರಲ್ಲಿ ಇಂದಿಗೂ ಒಮ್ಮತವಿಲ್ಲ. ಕೆಲವರು ಇದನ್ನು ಗಣಿತದ ಸೋಲು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ತನ್ನ ಸ್ವಯಂಸಿದ್ಧಗಳು ಯಾವುದನ್ನು ತೀರ್ಮಾನಿಸಲಾರವು ಎಂಬುದನ್ನೂ ಸಾಧಿಸಿ ತೋರಿಸಬಲ್ಲ ವಿದ್ಯೆ ಬೇರೊಂದು ನನಗೆ ಗೊತ್ತಿಲ್ಲ.

ಹುಡುಗನಿಗೆ ಮೊದಲು ಸಮಸಂಖ್ಯೆಯ ಎರಡು ಜೋಡಣೆಗಳನ್ನೂ ತೋರಿಸಿ, ಒಂದು ಗೆಲ್ಲುವುದು, ಒಂದು ಸೋಲುವುದು. ಅದು ಮನಸ್ಸಿಗೆ ಇಳಿದ ಮೇಲೆ ಭಿನ್ನರಾಶಿಗಳ ಸಾಲು, ಇನ್ನೊಂದು ದಿನ ಕರ್ಣದ ಸಾಧನೆ. ಎಲ್ಲವನ್ನೂ ಒಂದೇ ಅವಧಿಯಲ್ಲಿ ಮುಗಿಸಲು ಹೋಗಬೇಡಿ. ಅವನು ತನ್ನ ಪ್ರಶ್ನೆಗಳು ತೋರಿಸುವಷ್ಟು ಚುರುಕಾಗಿದ್ದರೆ ಮುಂದೆ ಹೀಗೆ ಕೇಳಬಹುದು: ಭಿನ್ನರಾಶಿಗಳ ಸಾಲನ್ನೂ ದಶಮಾಂಶದಲ್ಲಿ ಬರೆದು ಅದರ ಮೇಲೂ ಕರ್ಣದ ಉಪಾಯ ನಡೆಸಿದರೆ ಹೊರಗುಳಿದ ಸಂಖ್ಯೆ ಸಿಗುತ್ತದಲ್ಲ, ಹಾಗಾದರೆ ಭಿನ್ನರಾಶಿಗಳನ್ನೂ ಸಾಲಾಗಿ ನಿಲ್ಲಿಸಲಾಗದು ಎಂದಾಯಿತಲ್ಲ? ತಕ್ಷಣ ಉತ್ತರ ಕೊಡದೆ ಅವನಿಗೆ ಒಂದು ವಾರ ಬಿಡಿ. ಹೊರಗುಳಿದ ಸಂಖ್ಯೆ ಸಿಗುವುದು ನಿಜ, ಅದು ಭಿನ್ನರಾಶಿ ಆಗಿರಬೇಕಾಗಿಲ್ಲ, ಆಗಿರಲು ಸಾಧ್ಯವೂ ಇಲ್ಲ. ಆಗಿದ್ದರೆ ಅದರ ಸರದಿ ಸಾಲಿನಲ್ಲಿ ಎಲ್ಲೋ ಬಂದಿರಬೇಕಿತ್ತು. ಅಂದರೆ ಅದರ ಅಂಕಿಗಳು ಎಂದೂ ಆವರ್ತವಾಗುವುದಿಲ್ಲ, ಅದೊಂದು ಅಭಾಗಲಬ್ಧ ಸಂಖ್ಯೆ. ಒಂಬತ್ತನೇ ತರಗತಿಯ ಪಾಠದಲ್ಲಿ ಆವರ್ತ ದಶಮಾಂಶಗಳನ್ನು ಓದಿದ ಹುಡುಗನಿಗೆ ಇಷ್ಟನ್ನು ಸ್ವತಃ ಕಂಡುಕೊಳ್ಳಲು ಬೇಕಾದದ್ದೆಲ್ಲ ಕೈಯಲ್ಲಿದೆ. ಅವನು ಏನು ಬರೆದು ತಂದ ಎಂದು ನನಗೂ ತಿಳಿಸಿ.